ರಕ್ತಹೀನತೆ ಇರುವ ಮಗುವಿನ ಜೊತೆ ವಾರದ ಅಡುಗೆ ಯೋಜಿಸುವುದು ಹೇಗೆ?

ಮಗುವಿಗೆ ಕಬ್ಬಿಣಾಂಶದ ಕೊರತೆಯಿಂದ ರಕ್ತಹೀನತೆ ಇದೆ ಎಂದು ಗೊತ್ತಾದ ಮೇಲೆ ಮನೆಯಲ್ಲಿ ಔಷಧಿಯ ಜೊತೆಗೆ ಊಟದ ಜಗಳವೂ ಶುರುವಾಗುವುದುಂಟು. "ಸೊಪ್ಪು ತಿನ್ನು" ಎಂದು ಒತ್ತಾಯಿಸಿದಷ್ಟೂ ಮಗು ತಟ್ಟೆಯನ್ನು ದೂರ ತಳ್ಳುತ್ತದೆ. ಏನು ಅಡುಗೆ ಮಾಡಬೇಕು ಎಂಬ ತೀರ್ಮಾನದಲ್ಲೇ ಮಗುವನ್ನು ಸೇರಿಸಿಕೊಂಡರೆ ಈ ಎಳೆದಾಟ ಕಡಿಮೆಯಾಗಬಹುದು.

ಇದು ನಿಮ್ಮ ಮನೆಯೊಂದರ ಸಮಸ್ಯೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 6ರಿಂದ 59 ತಿಂಗಳ ಮಕ್ಕಳ ಪೈಕಿ ಶೇ. 67ರಷ್ಟು ಮಕ್ಕಳಲ್ಲಿ ರಕ್ತಹೀನತೆ ಕಂಡುಬಂದಿದೆ.

ಯಾರು ಏನನ್ನು ನಿರ್ಧರಿಸಬೇಕು?

ಏನು, ಯಾವಾಗ, ಎಲ್ಲಿ ಊಟ ಎಂಬುದರ ಕೊನೆಯ ಮಾತು ದೊಡ್ಡವರದು. ಎಷ್ಟು ತಿನ್ನಬೇಕು ಎಂಬುದು ಮಗುವಿನದು. "ಇವತ್ತು ಏನು ಬೇಕು?" ಎಂದು ಕೇಳಿದರೆ ನೂಡಲ್ಸ್ ಎಂಬ ಉತ್ತರ ಬರಬಹುದು. ಬದಲಿಗೆ ನಿಮಗೆ ಒಪ್ಪಿಗೆಯಾಗುವ ಎರಡೇ ಆಯ್ಕೆ ಕೊಡಿ: "ಮೆಂತ್ಯ ಸೊಪ್ಪೋ, ಹರಿವೆ ಸೊಪ್ಪೋ?" "ಹೆಸರುಕಾಳಿನ ಉಸಲಿಯೋ, ಮೊಟ್ಟೆಯೋ?" ಆರಿಸಿದ್ದನ್ನು ಮಗು ತಿನ್ನದಿದ್ದರೂ ಬೈಯಬೇಡಿ. ಹೊಸ ರುಚಿ ಒಗ್ಗಲು ಹತ್ತು ಸಲ ಬಡಿಸಬೇಕಾಗಬಹುದು.

ಅಂಗಡಿಗೆ ಕರೆದುಕೊಂಡು ಹೋಗಿ

ಪಟ್ಟಿಯನ್ನು ಮಗುವಿನ ಕೈಗೆ ಕೊಡಿ. ಹೊರರಾಜ್ಯದಲ್ಲಿ ನಮ್ಮ ಕಾಳುಗಳಿಗೆ ಬೇರೆ ಹೆಸರು. ಅದನ್ನು ಕಂಡುಹಿಡಿಯುವುದೇ ಮಕ್ಕಳಿಗೆ ಆಟವಾಗುತ್ತದೆ.

• ರಾಗಿ: ಮುಂಬೈ, ಪುಣೆಯಲ್ಲಿ ನಾಚಣಿ, ಚೆನ್ನೈನಲ್ಲಿ ಕೇಳ್ವರಗು, ಹೈದರಾಬಾದಿನಲ್ಲಿ ರಾಗುಲು, ದೆಹಲಿಯಲ್ಲಿ ಮಂಡುವಾ.
• ಅಲಸಂದೆ: ಮರಾಠಿಯಲ್ಲಿ ಚವಳಿ, ತಮಿಳಿನಲ್ಲಿ ಕಾರಾಮಣಿ, ತೆಲುಗಿನಲ್ಲಿ ಬೊಬ್ಬರ್ಲು, ಹಿಂದಿಯಲ್ಲಿ ಲೋಬಿಯಾ.
• ಹುರುಳಿ: ಮರಾಠಿಯಲ್ಲಿ ಕುಳೀಥ, ತಮಿಳಿನಲ್ಲಿ ಕೊಳ್ಳು, ತೆಲುಗಿನಲ್ಲಿ ಉಲವಲು, ಹಿಂದಿಯಲ್ಲಿ ಕುಲ್ಥಿ.

ವಯಸ್ಸಿಗೆ ತಕ್ಕ ಕೆಲಸ

• 2-3 ವರ್ಷ: ಸೊಪ್ಪು ಬಿಡಿಸುವುದು, ತರಕಾರಿ ತೊಳೆಯುವುದು.
• 4-6 ವರ್ಷ: ಎರಡರಲ್ಲಿ ಒಂದನ್ನು ಆರಿಸುವುದು, ಕಾಳು ನೆನೆಹಾಕಿ ಮೊಳಕೆ ಬರುವುದನ್ನು ನೋಡಿಕೊಳ್ಳುವುದು.
• 7-10 ವರ್ಷ: ವಾರದ ಪಟ್ಟಿ ಬರೆಯುವುದು, ಕೋಸಂಬರಿ ಕಲಸುವುದು.
• 11 ವರ್ಷದ ಮೇಲೆ: ವಾರದಲ್ಲಿ ಒಂದು ರಾತ್ರಿಯ ಊಟವನ್ನು ಖರ್ಚಿನ ಲೆಕ್ಕದ ಸಮೇತ ಯೋಜಿಸುವುದು.

ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಕಡಲೆಕಾಯಿ ಬೀಜ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಪುಡಿ ಮಾಡಿ ಕೊಡಿ.

ತಿಂದದ್ದು ಮೈಗೆ ಹತ್ತಬೇಕಾದರೆ

ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣಾಂಶವನ್ನು ದೇಹ ಸುಲಭವಾಗಿ ಹೀರಿಕೊಳ್ಳುವುದಿಲ್ಲ. ವಿಟಮಿನ್ ಸಿ ಇದಕ್ಕೆ ನೆರವಾಗುತ್ತದೆ. ಬಡಿಸುವಾಗ ನಿಂಬೆರಸ ಹಿಂಡುವ ಅಥವಾ ಊಟದ ಜೊತೆ ಸೀಬೆಹಣ್ಣು ಇಡುವ ಜವಾಬ್ದಾರಿಯನ್ನು ಮಗುವಿಗೇ ಕೊಡಿ. ಕಾಳು, ರಾಗಿಯನ್ನು ಮೊಳಕೆ ಬರಿಸಿದರೂ ಹೀರಿಕೆ ಸುಧಾರಿಸುತ್ತದೆ. ಟೀ, ಕಾಫಿ ಇದಕ್ಕೆ ಅಡ್ಡಿ. ಮಕ್ಕಳಿಗೆ ಇವು ಬೇಡ. ಹಾಲು ಒಳ್ಳೆಯದೇ, ಆದರೆ ಅತಿಯಾದರೆ ಊಟದ ಹಸಿವನ್ನು ಕೊಲ್ಲುತ್ತದೆ. ಒಂದು ವರ್ಷ ದಾಟಿದ ಪುಟ್ಟ ಮಕ್ಕಳಿಗೆ ದಿನಕ್ಕೆ ಸುಮಾರು 500 ಮಿಲಿ ಮೀರದಿರಲಿ.

ಔಷಧಿಯಲ್ಲಿ ಆಯ್ಕೆ ಇಲ್ಲ

ರಕ್ತಹೀನತೆ ಬಂದ ಮೇಲೆ ಆಹಾರ ಔಷಧಿಗೆ ಬದಲಿಯಲ್ಲ. "ಈಗ ಚೆನ್ನಾಗಿ ತಿನ್ನುತ್ತಿದ್ದಾನೆ" ಎಂದು ಸಿರಪ್ ನಿಲ್ಲಿಸಬೇಡಿ. ಹಿಮೋಗ್ಲೋಬಿನ್ ಸರಿಯಾದ ಮೇಲೂ ದೇಹದ ದಾಸ್ತಾನು ತುಂಬಲು ವೈದ್ಯರು ಕೆಲವು ತಿಂಗಳು ಮುಂದುವರಿಸಲು ಹೇಳುತ್ತಾರೆ. ಸಿರಪ್ಪನ್ನು ಹಾಲಿನಲ್ಲಿ ಬೆರೆಸಬೇಡಿ. ನೀರಿನಲ್ಲೋ ಹಣ್ಣಿನ ರಸದಲ್ಲೋ ಎಂಬುದನ್ನು ಮಾತ್ರ ಮಗು ಆರಿಸಲಿ. ಮಲ ಕಪ್ಪಾದರೆ ಗಾಬರಿ ಬೇಡ, ಅದು ಔಷಧಿಯ ಬಣ್ಣ. ಹಲ್ಲಿಗೆ ಕಲೆಯಾಗದಂತೆ ಕುಡಿದ ಮೇಲೆ ಬಾಯಿ ಮುಕ್ಕಳಿಸಲಿ.

ಅಡುಗೆಮನೆಯಲ್ಲಿ ಮಗು ಓಡಾಡುವಾಗ ಒಂದು ಎಚ್ಚರ ಅಗತ್ಯ: ಕಬ್ಬಿಣದ ಸಿರಪ್, ಮಾತ್ರೆಗಳನ್ನು ಬೀಗ ಹಾಕಿ ಎತ್ತರದಲ್ಲಿಡಿ. ಹೆಚ್ಚು ಪ್ರಮಾಣ ನುಂಗಿದರೆ ಪ್ರಾಣಕ್ಕೇ ಅಪಾಯ. ಅನುಮಾನ ಬಂದರೂ ಸಾಕು, ಲಕ್ಷಣಕ್ಕೆ ಕಾಯದೆ ಬಾಟಲಿಯ ಸಮೇತ ಕೂಡಲೇ ಆಸ್ಪತ್ರೆಗೆ ಹೋಗಿ.

ವೈದ್ಯರನ್ನು ಯಾವಾಗ ಕಾಣಬೇಕು?

ಮಗು ತೀರಾ ಬಿಳಿಚಿಕೊಂಡಿದ್ದರೆ, ಸ್ವಲ್ಪ ಆಡಿದರೂ ಏದುಸಿರು ಬಂದರೆ, ಮಣ್ಣು, ಸೀಮೆಸುಣ್ಣ ತಿನ್ನುತ್ತಿದ್ದರೆ ಅಥವಾ ಔಷಧಿಯನ್ನು ವಾಂತಿ ಮಾಡುತ್ತಿದ್ದರೆ ಮುಂದಿನ ಭೇಟಿಗೆ ಕಾಯಬೇಡಿ. ಹೋಗುವಾಗ ಮಗು ಬರೆದ ವಾರದ ಪಟ್ಟಿಯನ್ನೂ ಒಯ್ಯಿರಿ. ಮಗು ಏನು ತಿನ್ನುತ್ತಿದೆ ಎಂದು ವೈದ್ಯರಿಗೆ ತಿಳಿಯಲು ಅದು ನೆರವಾಗುತ್ತದೆ.