ಕಡಿದ ಎಳೆ

ವಾರಕ್ಕೊಂದು ವಿಷಯ, ವಿಷಯಕ್ಕೊಂದು ಚಿತ್ರ: ಲಂಡನ್ನಿನಲ್ಲಿ ನಾನು ಸೇರಿಕೊಂಡ ಛಾಯಾಚಿತ್ರಗಾರರ ಸಂಘದ ಕಟ್ಟಳೆ ಇಷ್ಟೇ. ಒಂದು ವಾರ ‘ಕಲ್ಲು’, ಮತ್ತೊಂದು ವಾರ ‘ನೆರಳು’. ಪರದೇಶದ ಒಂಟಿತನಕ್ಕೆ ಇದೂ ಒಂದು ಮದ್ದೆಂದು ಕ್ಯಾಮೆರಾ ಹೆಗಲಿಗೇರಿಸಿದೆ.

ಇದು ಹೊಸ ಹುಚ್ಚೇನಲ್ಲ. ‘ಅಮೆಚೂರ್ ಫೋಟೋಗ್ರಾಫರ್’ ಎಂಬ ವಾರಪತ್ರಿಕೆ 1884ರಲ್ಲಿ ಲಂಡನ್ನಿನಲ್ಲಿಯೇ ಹುಟ್ಟಿತು. 1887ರಲ್ಲಿ ಅದು ರಜೆಯಲ್ಲಿ ತೆಗೆದ ಚಿತ್ರಗಳಿಗಾಗಿ ಒಂದು ಸ್ಪರ್ಧೆ ನಡೆಸಿತು. ಬರ್ಲಿನ್ನಿನಲ್ಲಿ ಓದುತ್ತಿದ್ದ ಅಮೆರಿಕದ ತರುಣನೊಬ್ಬ ಇಟಲಿಯ ಬೆಲ್ಲಾಜಿಯೊದಲ್ಲಿ ನಗುತ್ತಿದ್ದ ಮಕ್ಕಳ ಚಿತ್ರ ತೆಗೆದು ಕಳುಹಿಸಿದ. ತೀರ್ಪುಗಾರ ಪಿ. ಎಚ್. ಎಮರ್ಸನ್ ಅದಕ್ಕೇ ಮೊದಲ ಬಹುಮಾನವಿತ್ತ. ತರುಣನ ಹೆಸರು ಆಲ್‌ಫ್ರೆಡ್ ಸ್ಟೀಗ್ಲಿಟ್ಸ್. ಮುಂದೆ ಛಾಯಾಚಿತ್ರವನ್ನು ಕಲೆಯ ಪಂಕ್ತಿಯಲ್ಲಿ ಕೂರಿಸಲು ಹೋರಾಡಿದವರಲ್ಲಿ ಅಗ್ರಗಣ್ಯ. ಬೆಳ್ಳಿಯ ಪದಕ, ಎರಡು ಗಿನಿ ಅವನ ಪಾಲಾದುವು. ನಕ್ಕ ಮಕ್ಕಳಿಗೆ ಸಿಕ್ಕಿದ್ದೇನು? ಆ ಪ್ರಶ್ನೆ ನನಗೆ ಆಗ ಹೊಳೆಯಲಿಲ್ಲ.

ಒಂದು ರಜೆಯಲ್ಲಿ ಚಿಂತಾಮಣಿಯ ನಮ್ಮ ಮನೆಗೆ ಬಂದಿದ್ದೆ. ಸಂಘದ ವಿಷಯಗಳು ಅಲ್ಲಿಗೂ ಬೆನ್ನು ಹತ್ತಿ ಬಂದುವು. ‘ಕಲ್ಲಿ’ಗೆ ಚಿಕ್ಕಬಳ್ಳಾಪುರದ ಬಳಿಯ ನಂದಿ ಗ್ರಾಮಕ್ಕೆ ಹೋದೆ; ಒಂಬತ್ತನೆಯ ಶತಮಾನದಷ್ಟು ಹಳೆಯ ಭೋಗನಂದೀಶ್ವರನ ಗುಡಿಯ ಕಂಬಗಳು ಒದಗಿದುವು. ‘ನೀರಿ’ಗೆ ನಮ್ಮೂರ ಕಡೆಯ ಬಿರುಕುಬಿಟ್ಟ ಕೆರೆಯಂಗಳವನ್ನು ಕಳುಹಿಸಿದೆ. ವರ್ಷವಿಡೀ ಹರಿಯುವ ಹೊಳೆಯಿಲ್ಲದ ಸೀಮೆಯಲ್ಲಿ ನೀರಿನ ಕಥೆ ಅದೇ ಅಲ್ಲವೇ? ವಿಷಯ ಬಿಟ್ಟುಹೋಗಿದೆ ಎಂದು ತೀರ್ಪು ಬಂತು.

‘ನೆರಳಿ’ಗೆ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥಕ್ಕೆ ನಡೆದೆ. ಊರಿಗೆ ಹೆಸರು ಕೊಟ್ಟ ಹಳೆಯ ಅಶ್ವತ್ಥ 2001ರಲ್ಲಿಯೇ ಉರುಳಿತ್ತು. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ನೆರೆದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ್ದು ಇಲ್ಲಿಯೇ. ನಾಗರಕಲ್ಲುಗಳ ಮೇಲೆ ಬಿದ್ದ ಎಲೆಯ ನೆರಳನ್ನು ಹಿಡಿದೆ. ‘ಮನೋಹರ’ ಎಂದರು. ಮಡಿದವರ ಮಾತು ಆ ಚೌಕಟ್ಟಿನೊಳಗೆ ಬರಲೇ ಇಲ್ಲ.

ಕೊನೆಯ ವಿಷಯ ‘ಕೈ’. ಶಿಡ್ಲಘಟ್ಟದ ನೂಲು ಬಿಚ್ಚುವ ಮನೆಯೊಂದರಲ್ಲಿ ಹೆಂಗಸೊಬ್ಬರು ಕುದಿನೀರಿನಲ್ಲಿ ಬೆಂದ ರೇಷ್ಮೆಗೂಡುಗಳ ಮುಂದೆ ಕುಳಿತಿದ್ದರು. ಹಬೆಯ ನಡುವೆ ಬಾಗಿದ ಮುಖ, ನೀರಿನ ಮೇಲೆ ನಿಂತ ಬೆರಳು. ಕ್ಷಣ ತಪ್ಪದಂತೆ ಹಿಡಿದೆ. ಆ ವಾರ ಮೊದಲ ಸ್ಥಾನ ನನಗೇ ಬಂತು. ‘ಧ್ಯಾನದಲ್ಲಿರುವ ಕೈಗಳು’ ಎಂದು ಸಂಘದವರು ಕೊಂಡಾಡಿದರು. ನಾನೂ ನಂಬಿದೆ.

ಮರುವರ್ಷ ಚಿತ್ರದ ಒಂದು ಪ್ರತಿಯನ್ನು ಅವರಿಗೆ ಕೊಡಲು ಹೋದೆ. ಆಕೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಅದನ್ನು ತೆಗೆದುಕೊಂಡರು. ಬಿಸಿನೀರಿನಲ್ಲಿ ನೆನೆದು ನೆನೆದು ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿದ್ದುವು. ಅಲ್ಲಲ್ಲಿ ಚರ್ಮ ಸುಲಿದಿತ್ತು. ಚಿತ್ರದಲ್ಲಿ ಅದೊಂದೂ ಇರಲಿಲ್ಲ. ಹಬೆ ಮುಚ್ಚಿತ್ತು.

ಬಹಳ ಹೊತ್ತು ನೋಡಿ ಆಕೆ ಹೇಳಿದರು: ‘ಇಲ್ಲಿ ಎಳೆ ಕಡಿದುಹೋಗಿದೆ ನೋಡಿ ಸ್ವಾಮಿ. ಅದರ ತುದಿ ಸಿಗದೆ ತಡಕಾಡ್ತಾ ಇದ್ದೆ. ಆವಾಗಲೇ ತೆಗೆದುಬಿಟ್ಟಿದ್ದೀರಿ.’

ಧ್ಯಾನವಲ್ಲ, ತಡಕಾಟ. ನಮ್ಮ ತೀರ್ಪುಗಾರರಲ್ಲಿ ಒಬ್ಬರಿಗೂ ಕಾಣದ್ದು ಅದು. ಅವರನ್ನೇಕೆ ಅನ್ನಲಿ, ನಲವತ್ತು ಮೈಲಿಯೊಳಗೆ ಹುಟ್ಟಿ ಬೆಳೆದ ನನಗೂ ಕಾಣಲಿಲ್ಲ.

ವಾರದ ಚಿತ್ರವನ್ನು ಈಗಲೂ ಕಳುಹಿಸುತ್ತೇನೆ. ಆದರೆ ಮೊದಲ ಪ್ರತಿ ಚಿತ್ರದಲ್ಲಿರುವವರ ಕೈಗೆ. ಅವರು ಏನನ್ನುತ್ತಾರೆಂದು ಕೇಳಿದ ಮೇಲೆಯೇ ಎರಡನೆಯದು ಲಂಡನ್ನಿಗೆ.