ಹೊಲದ ಮೇಲೆ ಹಾರುವ ವಿಜ್ಞಾನ: ಚೆನ್ನೈನಿಂದ ರೈತರ ಕೈಗೆ ಬಂದ ಕೃಷಿ ಡ್ರೋನ್ ಹೇಗೆ ಕೆಲಸ ಮಾಡುತ್ತದೆ? ಸಹಾಯಧನ ಎಷ್ಟು?

ಚೆನ್ನೈ: ಬೆನ್ನ ಮೇಲೆ ಔಷಧಿ ತುಂಬಿದ ಡಬ್ಬಿ, ಮೂಗಿಗೆ ಕಟ್ಟಿದ ಟವೆಲ್, ಕೈಯಲ್ಲಿ ಸ್ಪ್ರೇ ಗನ್. ಬೆಳೆಗೆ ಎಣ್ಣೆ ಹೊಡೆಯುವುದು ಎಂದರೆ ನಮ್ಮ ಹಳ್ಳಿಗಳಲ್ಲಿ ಇಂದಿಗೂ ಕಣ್ಣಿಗೆ ಕಟ್ಟುವ ಚಿತ್ರ ಇದೇ. ಗಾಳಿ ತಿರುಗಿದರೆ ವಿಷ ಸಿಂಪಡಿಸುವವನ ಮುಖಕ್ಕೇ ಬರುತ್ತದೆ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ್ ಜಿಲ್ಲೆಯ ಹತ್ತಿ ಹೊಲಗಳಲ್ಲಿ ಕೀಟನಾಶಕ ಸಿಂಪಡಿಸುವಾಗ ವಿಷ ದೇಹ ಸೇರಿ 20ಕ್ಕೂ ಹೆಚ್ಚು ರೈತರು ಮತ್ತು ಕೂಲಿ ಕಾರ್ಮಿಕರು ಪ್ರಾಣ ಕಳೆದುಕೊಂಡರು.

ಈ ಕೆಲಸವನ್ನು ಮನುಷ್ಯನ ಬೆನ್ನಿನಿಂದ ಇಳಿಸಿ ಯಂತ್ರಕ್ಕೆ ಹೊರಿಸುವ ಪ್ರಯತ್ನದಲ್ಲಿ ಚೆನ್ನೈ ನಗರದ ಪಾಲು ದೊಡ್ಡದು. ಕೃಷಿ ಡ್ರೋನ್ ಎಂದರೇನು, ಅದರೊಳಗಿರುವ ವಿಜ್ಞಾನ ಯಾವುದು, ಕೊಳ್ಳಲು ಸಿಗುವ ನೆರವೇನು, ಎಚ್ಚರ ವಹಿಸಬೇಕಾದದ್ದು ಎಲ್ಲಿ? ಇಲ್ಲಿದೆ ಮಾಹಿತಿ.

ಕಲಾಂ ಓದಿದ ಕ್ಯಾಂಪಸ್‌ನಿಂದ ಹೊಲಕ್ಕೆ

ಚೆನ್ನೈನ ಕ್ರೋಮ್‌ಪೇಟೆಯಲ್ಲಿರುವ ಮದ್ರಾಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ 1949ರಲ್ಲಿ ಆರಂಭವಾಯಿತು. ಮಾಜಿ ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ವಿಮಾನ ಎಂಜಿನಿಯರಿಂಗ್ ಕಲಿತದ್ದು ಇಲ್ಲೇ. ಈಗ ಇದು ಅಣ್ಣಾ ವಿಶ್ವವಿದ್ಯಾಲಯದ ಭಾಗ. ಇಲ್ಲಿನ ವೈಮಾನಿಕ ಸಂಶೋಧನಾ ಕೇಂದ್ರದ 'ದಕ್ಷ' ತಂಡ 2018ರಲ್ಲಿ ಆಸ್ಟ್ರೇಲಿಯಾದಲ್ಲಿ ನಡೆದ ವೈದ್ಯಕೀಯ ಡ್ರೋನ್ ಸ್ಪರ್ಧೆಯಲ್ಲಿ ಎರಡನೇ ಸ್ಥಾನ ಪಡೆಯಿತು. ನಟ ಅಜಿತ್ ಕುಮಾರ್ ಈ ತಂಡದ ಸಲಹೆಗಾರರಾಗಿದ್ದರು. 2020ರ ಕೊರೊನಾ ಕಾಲದಲ್ಲಿ ಇದೇ ತಂಡದ ಡ್ರೋನ್‌ಗಳು ಸೋಂಕು ನಿವಾರಕ ಸಿಂಪಡಿಸಿದವು.

ಚೆನ್ನೈನದೇ ಮತ್ತೊಂದು ಕಂಪನಿ ಗರುಡ ಏರೋಸ್ಪೇಸ್. 2022ರ ಫೆಬ್ರವರಿಯಲ್ಲಿ ಪ್ರಧಾನಿ ನರೇಂದ್ರ ಮೋದಿ ದೇಶದ ವಿವಿಧೆಡೆ 100 ಕಿಸಾನ್ ಡ್ರೋನ್‌ಗಳಿಗೆ ಚಾಲನೆ ನೀಡಿದಾಗ ಈ ಕಂಪನಿಯ ಹೆಸರು ಎಲ್ಲೆಡೆ ಕೇಳಿಬಂತು.

ಒಂದು ಎಕರೆಗೆ ಎಷ್ಟು ಹೊತ್ತು?

ಸಾಮಾನ್ಯ ಕೃಷಿ ಡ್ರೋನ್‌ನ ಟ್ಯಾಂಕ್ ಸುಮಾರು 10 ಲೀಟರ್ ಹಿಡಿಯುತ್ತದೆ. ಬೆಳೆಯಿಂದ 2-3 ಮೀಟರ್ ಎತ್ತರದಲ್ಲಿ ಹಾರುತ್ತಾ ಹತ್ತು ನಿಮಿಷದ ಆಸುಪಾಸಿನಲ್ಲಿ ಒಂದು ಎಕರೆ ಮುಗಿಸುತ್ತದೆ. ಬೆನ್ನಿನ ಪಂಪ್‌ಗೆ ಎಕರೆಗೆ 150ರಿಂದ 200 ಲೀಟರ್ ನೀರು ಬೇಕು, ಡ್ರೋನ್‌ಗೆ ಸುಮಾರು 10 ಲೀಟರ್ ಸಾಕು. ಸಣ್ಣ ಹನಿಗಳನ್ನು ರೆಕ್ಕೆಗಳ ಗಾಳಿ ಕೆಳಕ್ಕೆ ತಳ್ಳುವುದರಿಂದ ಎಲೆಗಳು ಅಲುಗಾಡಿ, ಔಷಧಿ ಗಿಡದೊಳಕ್ಕೂ ಇಳಿಯುತ್ತದೆ. ಆದರೆ ತುಂಬಿದ ಟ್ಯಾಂಕ್ ಹೊತ್ತ ಡ್ರೋನ್‌ನ ಬ್ಯಾಟರಿ 10-15 ನಿಮಿಷಕ್ಕಿಂತ ಹೆಚ್ಚು ಬಾಳುವುದಿಲ್ಲ. ಹೀಗಾಗಿ ಹೊಲದ ಬದುವಿನಲ್ಲಿ ಹೆಚ್ಚುವರಿ ಬ್ಯಾಟರಿ ಮತ್ತು ಚಾರ್ಜರ್ ಇರಲೇಬೇಕು.

ಭತ್ತದ ಗದ್ದೆಯಲ್ಲಿ ಐನ್‌ಸ್ಟೀನ್!

ಪೈಲಟ್ ಮೊಬೈಲ್ ಪರದೆಯಲ್ಲಿ ಹೊಲದ ಗಡಿ ಗುರುತಿಸಿದರೆ ಸಾಕು, ಮುಂದಿನದನ್ನು ಡ್ರೋನ್ ತಾನೇ ನೋಡಿಕೊಳ್ಳುತ್ತದೆ. ಸಾಲು ತಪ್ಪುವುದಿಲ್ಲ, ಹೊಡೆದ ಜಾಗಕ್ಕೆ ಮತ್ತೆ ಹೊಡೆಯುವುದಿಲ್ಲ. ಇದರ ಹಿಂದಿರುವ ಮೂರು ಆವಿಷ್ಕಾರಗಳು ಹುಟ್ಟಿದಾಗ ಅವುಗಳಿಗೂ ಕೃಷಿಗೂ ಸಂಬಂಧವಿದೆ ಎಂದು ಯಾರೂ ಊಹಿಸಿರಲಿಕ್ಕಿಲ್ಲ.

ಮೊದಲನೆಯದು ಜಿಪಿಎಸ್. ಭೂಮಿಯಿಂದ ಸುಮಾರು 20,200 ಕಿ.ಮೀ. ಎತ್ತರದಲ್ಲಿರುವ ಉಪಗ್ರಹಗಳ ಗಡಿಯಾರದ ಸಮಯ ನೋಡಿ ಡ್ರೋನ್ ತನ್ನ ಸ್ಥಳ ಲೆಕ್ಕ ಹಾಕುತ್ತದೆ. ಐನ್‌ಸ್ಟೀನ್ ಸಾಪೇಕ್ಷತಾ ಸಿದ್ಧಾಂತದ ಪ್ರಕಾರ ಆ ಗಡಿಯಾರಗಳು ವೇಗದ ಕಾರಣಕ್ಕೆ ದಿನಕ್ಕೆ 7 ಮೈಕ್ರೋಸೆಕೆಂಡ್ ಹಿಂದೆ ಬೀಳುತ್ತವೆ, ಗುರುತ್ವ ಕಡಿಮೆ ಇರುವುದರಿಂದ 45 ಮೈಕ್ರೋಸೆಕೆಂಡ್ ಮುಂದೆ ಓಡುತ್ತವೆ. ಒಟ್ಟು ವ್ಯತ್ಯಾಸ 38 ಮೈಕ್ರೋಸೆಕೆಂಡ್. ಕೇಳಲು ಏನೂ ಅಲ್ಲ ಎನಿಸಬಹುದು. ಆದರೆ ಇದನ್ನು ಸರಿಪಡಿಸದೆ ಬಿಟ್ಟರೆ ಒಂದೇ ದಿನದಲ್ಲಿ ಲೆಕ್ಕ ಸುಮಾರು 10 ಕಿ.ಮೀ. ತಪ್ಪುತ್ತದೆ. ಅಂದರೆ ನಿಮ್ಮ ಗದ್ದೆಗೆ ಹೊಡೆಯಬೇಕಾದ ಔಷಧಿ ಇನ್ಯಾವುದೋ ಊರಿಗೆ! 1915ರಲ್ಲಿ ಕಾಗದದ ಮೇಲೆ ಪೂರ್ಣಗೊಂಡ ಸಿದ್ಧಾಂತ ಇಂದು ಭತ್ತದ ಸಾಲು ಕಾಯುತ್ತಿದೆ.

ಎರಡನೆಯದು, ಗಾಳಿಯಲ್ಲಿ ಓಲಾಡದಂತೆ ಡ್ರೋನ್ ಅನ್ನು ಹಿಡಿದಿಡುವ ಗೈರೋಸ್ಕೋಪ್. ಕಡಲೆ ಕಾಳಿಗಿಂತ ಚಿಕ್ಕದಾದ ಚಿಪ್‌ನೊಳಗೆ ಸಿಲಿಕಾನ್ ತುಣುಕು ಸದಾ ಕಂಪಿಸುತ್ತಿರುತ್ತದೆ. ಡ್ರೋನ್ ವಾಲಿದ ಕೂಡಲೇ ಆ ಕಂಪನದ ದಿಕ್ಕು ಬದಲಾಗುತ್ತದೆ, ಮೋಟಾರ್‌ಗಳ ವೇಗ ತಾನಾಗಿಯೇ ಸರಿಹೊಂದುತ್ತದೆ. ಈ ಪರಿಣಾಮವನ್ನು 1835ರಲ್ಲಿ ವಿವರಿಸಿದವರು ಫ್ರಾನ್ಸ್‌ನ ಕೊರಿಯೊಲಿಸ್. ಅವರು ಯೋಚಿಸುತ್ತಿದ್ದದ್ದು ನೀರಿನ ಚಕ್ರದಂತಹ ತಿರುಗುವ ಯಂತ್ರಗಳ ಬಗ್ಗೆ.

ಮೂರನೆಯದು ಬೆಳೆಯ ಆರೋಗ್ಯ ನೋಡುವ ಕ್ಯಾಮೆರಾ. 1800ರಲ್ಲಿ ವಿಲಿಯಂ ಹರ್ಷೆಲ್ ಸೂರ್ಯನ ಬೆಳಕನ್ನು ಪಟ್ಟಕದಲ್ಲಿ ಒಡೆದು, ಪ್ರತಿ ಬಣ್ಣದ ಬಿಸಿಯನ್ನು ಥರ್ಮಾಮೀಟರ್‌ನಿಂದ ಅಳೆಯುತ್ತಿದ್ದರು. ಕೆಂಪು ಬಣ್ಣದ ಆಚೆ, ಏನೂ ಕಾಣದ ಜಾಗದಲ್ಲಿ ಪಾದರಸ ಇನ್ನೂ ಮೇಲೇರಿತು. ಅದೇ ಅವಕೆಂಪು ಕಿರಣ. ಆರೋಗ್ಯವಂತ ಎಲೆ ಕೆಂಪು ಬೆಳಕನ್ನು ಹೀರಿಕೊಂಡು, ಅವಕೆಂಪು ಕಿರಣವನ್ನು ಹೆಚ್ಚಾಗಿ ಹಿಂದಕ್ಕೆ ಕಳಿಸುತ್ತದೆ. ಗಿಡ ಸೊರಗಿದರೆ ಈ ಲೆಕ್ಕ ಏರುಪೇರಾಗುತ್ತದೆ. ಹಾಗಾಗಿ ವಿಶೇಷ ಕ್ಯಾಮೆರಾ ಇರುವ ಡ್ರೋನ್, ರೈತನ ಕಣ್ಣಿಗೆ ಹಳದಿ ಬಣ್ಣ ಕಾಣುವ ಮೊದಲೇ ತೊಂದರೆಯ ಸುಳಿವು ಕೊಡಬಲ್ಲದು. ಇದರಿಂದ ಇಡೀ ಹೊಲದ ಬದಲು ಬೇಕಾದ ಜಾಗಕ್ಕಷ್ಟೇ ಔಷಧಿ ಹೊಡೆಯಬಹುದು.

ಸಹಾಯಧನ ಎಷ್ಟು, ಯಾರಿಗೆ?

* ಕೃಷಿ ಯಾಂತ್ರೀಕರಣ ಉಪ ಅಭಿಯಾನದಡಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಸಣ್ಣ, ಅತಿ ಸಣ್ಣ ಹಾಗೂ ಮಹಿಳಾ ರೈತರಿಗೆ ಶೇ. 50, ಗರಿಷ್ಠ 5 ಲಕ್ಷ ರೂ.
* ಇತರ ರೈತರಿಗೆ ಶೇ. 40, ಗರಿಷ್ಠ 4 ಲಕ್ಷ ರೂ.
* 2023ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆದ ನಮೋ ಡ್ರೋನ್ ದೀದಿ ಯೋಜನೆಯಲ್ಲಿ ಮಹಿಳಾ ಸ್ವಸಹಾಯ ಸಂಘಗಳಿಗೆ ಶೇ. 80, ಗರಿಷ್ಠ 8 ಲಕ್ಷ ರೂ. ಯೋಜನೆಯ ಒಟ್ಟು ಗಾತ್ರ 1,261 ಕೋಟಿ ರೂ., ಅವಧಿ 2025-26ರವರೆಗೆ. ಸಂಘದ ಒಬ್ಬ ಸದಸ್ಯೆಗೆ 15 ದಿನಗಳ ತರಬೇತಿಯೂ ಇದರಲ್ಲಿ ಸೇರಿದೆ.

ಅರ್ಜಿ ಹಾಕುವ ಮುನ್ನ ಸದ್ಯದ ಸ್ಥಿತಿಯನ್ನು ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸುವುದು ಒಳಿತು. ಒಂದೆರಡು ಎಕರೆ ಇರುವವರು ಡ್ರೋನ್ ಕೊಳ್ಳುವುದಕ್ಕಿಂತ ಬಾಡಿಗೆಗೆ ಪಡೆಯುವುದೇ ಲಾಭದಾಯಕ.

ನಿಯಮಗಳೇನು?

2021ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಡ್ರೋನ್ ನಿಯಮಗಳ ಪ್ರಕಾರ 2ರಿಂದ 25 ಕೆ.ಜಿ. ತೂಕದವು 'ಸಣ್ಣ' ಡ್ರೋನ್‌ಗಳು. ಇವುಗಳಿಗೆ ನೋಂದಣಿ ಕಡ್ಡಾಯ. ಹಾರಿಸುವವರಿಗೆ ರಿಮೋಟ್ ಪೈಲಟ್ ಪ್ರಮಾಣಪತ್ರ ಬೇಕು. ಅದಕ್ಕೆ ಕನಿಷ್ಠ 18 ವರ್ಷ ವಯಸ್ಸು, ಎಸ್ಸೆಸ್ಸೆಲ್ಸಿ ಪಾಸು ಮತ್ತು ಮಾನ್ಯತೆ ಪಡೆದ ಸಂಸ್ಥೆಯಲ್ಲಿ ತರಬೇತಿ ಅಗತ್ಯ. ಅನುಮತಿ ಇರುವ ಕೀಟನಾಶಕವನ್ನಷ್ಟೇ ಬಳಸಬೇಕು.

ಕಾಸರಗೋಡು ಕಲಿಸಿದ ಪಾಠ

ಆಕಾಶದಿಂದ ಔಷಧಿ ಎಂದ ಕೂಡಲೇ ಗಡಿನಾಡಿನ ಕನ್ನಡಿಗರ ಎದೆ ಝಲ್ಲೆನ್ನುವುದಕ್ಕೆ ಕಾರಣವಿದೆ. ಕಾಸರಗೋಡಿನ ಗೇರು ತೋಟಗಳ ಮೇಲೆ 2000ನೇ ಇಸವಿಯವರೆಗೆ ಹೆಲಿಕಾಪ್ಟರ್‌ಗಳು ಎಂಡೋಸಲ್ಫಾನ್ ಸುರಿಸಿದವು. ಎಣ್ಮಕಜೆಯಂತಹ ಗ್ರಾಮಗಳ ಎಷ್ಟೋ ಮನೆಗಳು ಇಂದಿಗೂ ಅದರ ನೋವು ಉಣ್ಣುತ್ತಿವೆ. 2011ರಲ್ಲಿ ಸುಪ್ರೀಂ ಕೋರ್ಟ್ ಈ ಕೀಟನಾಶಕವನ್ನು ನಿಷೇಧಿಸಿತು.

ಡ್ರೋನ್ ಹೆಲಿಕಾಪ್ಟರ್ ಅಲ್ಲ, ಅದು ಬೆಳೆಯ ತಲೆಯ ಮೇಲಷ್ಟೇ ಹಾರುತ್ತದೆ. ಆದರೂ ಕಡಿಮೆ ನೀರಿನಲ್ಲಿ ಬೆರೆಸುವುದರಿಂದ ದ್ರಾವಣ ಹೆಚ್ಚು ಗಾಢ. ಗಾಳಿ ಜೋರಿದ್ದಾಗ ಹಾರಿಸಿದರೆ ಪಕ್ಕದ ಬಾವಿ, ಜೇನುಪೆಟ್ಟಿಗೆ, ಮೇಯುವ ದನ ಯಾವುದೂ ಸುರಕ್ಷಿತವಲ್ಲ. ಅಕ್ಕಪಕ್ಕದವರಿಗೆ ಮೊದಲೇ ತಿಳಿಸಿ, ಬೆಳಿಗ್ಗೆ ಗಾಳಿ ತಣ್ಣಗಿರುವಾಗ ಹೊಡೆಯಬೇಕು.

ಎಲ್ಲ ಬೆಳೆಗೂ ಡ್ರೋನ್ ಮದ್ದಲ್ಲ. ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಗೊನೆಗೇ ತಾಗಬೇಕು. ಮೇಲಿನಿಂದ ಹೊಡೆದರೆ ಸೋಗೆಗಳು ಅಡ್ಡ ಬರುತ್ತವೆ. ಅಲ್ಲಿ ನೆಲದ ಮೇಲೆ ನಿಂತೇ ಬಳಸುವ ಫೈಬರ್ ದೋಟಿಯೇ ಹೆಚ್ಚು ಉಪಯೋಗಿ.

ಸಿಂಪಡಣೆಯ ಕೂಲಿಯನ್ನೇ ನಂಬಿದವರ ಪ್ರಶ್ನೆಯೂ ಇದೆ. ಅವರ ಉಸಿರು ಉಳಿಯಬೇಕು, ದುಡಿಮೆಯೂ ಉಳಿಯಬೇಕು. ಬೆಳೆ, ಕೀಟ, ಗಾಳಿಯ ಅಂದಾಜು ಅವರಿಗಿರುವಷ್ಟು ಬೇರೆಯವರಿಗಿಲ್ಲ. ಪೈಲಟ್ ತರಬೇತಿಗೆ ಮೊದಲ ಕರೆ ಹೋಗಬೇಕಾದದ್ದು ಇಷ್ಟು ದಿನ ಡಬ್ಬಿ ಹೊತ್ತ ಆ ಬೆನ್ನುಗಳಿಗೆ.