ಹಿಮ ಬೀಳದ ಊರಿನ ಹಿಮಾಲಯನ್ ಕ್ಲಬ್

ಮುಂಬಯಿಯಲ್ಲಿ ಹಿಮ ಬೀಳಲ್ಲ. ಬೀಳೋದು ಮಳೆ ಮಾತ್ರ, ಅದೂ ಲೋಕಲ್ ನಿಂತುಹೋಗುವಷ್ಟು! ಆದರೂ ಹಿಮಾಲಯನ್ ಕ್ಲಬ್ಬಿನ ಕೇಂದ್ರ ಇರೋದು ಇದೇ ಊರಲ್ಲಿ ಅಂದರೆ ಊರಿಂದ ಬಂದ ನೆಂಟರು ನಗುತ್ತಾರೆ. ನಗಲಿ ಬಿಡಿ.

ಕ್ಲಬ್ ಹುಟ್ಟಿದ್ದು 1928ರ ಫೆಬ್ರವರಿ 17ರಂದು, ದೆಹಲಿಯಲ್ಲಿ. ಮೂಲಪುರುಷ ಜೆಫ್ರಿ ಕಾರ್ಬೆಟ್ ಎಂಬ ಬ್ರಿಟಿಷ್ ಅಧಿಕಾರಿ (ಹುಲಿಯ ಜಿಮ್ ಕಾರ್ಬೆಟ್ ಅಲ್ಲ, ಇವರು ಬೇರೆ). ಅದಕ್ಕೂ ಒಂದು ವರ್ಷ ಮೊದಲೇ ಗುಲ್ಮಾರ್ಗ್‌ನಲ್ಲಿ ಬ್ರಿಟಿಷರ ಸ್ಕೀ ಕ್ಲಬ್ ಶುರುವಾಗಿತ್ತು. ಮೇಲಕ್ಕೆ ಎಳೆದೊಯ್ಯುವ ಲಿಫ್ಟು ಆಗಿರಲಿಲ್ಲ. ಗುಡ್ಡ ಹತ್ತಿದವನಿಗಷ್ಟೇ ಜಾರುವ ಸುಖ.

ಇಂಥ ಕ್ಲಬ್ಬಿನಿಂದ ಆ ಕಾಲದ ಸದಸ್ಯರಿಗೆ ಏನು ಬೇಕಿತ್ತು? ನಕ್ಷೆ, ದಾರಿಯ ಮಾಹಿತಿ, ಎಲ್ಲಕ್ಕಿಂತ ಹೆಚ್ಚಾಗಿ ಹೊರೆ ಹೊರುವ ಜನ. ಡಾರ್ಜಿಲಿಂಗ್‌ನಲ್ಲಿ ಕ್ಲಬ್ಬು ಶೆರ್ಪಾಗಳ ಪಟ್ಟಿ ಇಟ್ಟಿತ್ತು. ಒಬ್ಬೊಬ್ಬನಿಗೂ ಒಂದು ನಂಬರು, ಒಂದು ಪುಸ್ತಕ. ಯಾವ ಸಾಹೇಬರ ಜತೆ ಹೋಗಿದ್ದ, ಹೇಗೆ ದುಡಿದ ಎಂಬುದೆಲ್ಲ ಅದರಲ್ಲಿ. ಅತಿ ಎತ್ತರಕ್ಕೆ ಹೊರೆ ಹೊತ್ತವರಿಗೆ 'ಹುಲಿ' ಬ್ಯಾಡ್ಜು. 1953ರಲ್ಲಿ ಎವರೆಸ್ಟ್ ಏರಿದ ತೇನ್‌ಸಿಂಗ್ ಕೂಡ ಅದನ್ನು ಪಡೆದವರೇ. ಹುಲಿ ಅಂತ ಕರೆದದ್ದೇನೋ ಸರಿ, ಆದರೆ ಲೆಕ್ಕ ಇಟ್ಟದ್ದು ಮಾತ್ರ ಕೂಲಿಯ ಲೆಕ್ಕವನ್ನೇ.

1947ರ ನಂತರ ಸಾಹೇಬರು ಹೊರಟರು, ಕ್ಲಬ್ಬು ಬಡವಾಯಿತು. 1970ರ ದಶಕದ ಆರಂಭದಲ್ಲಿ ಅದರ ಕೇಂದ್ರ ಕಲ್ಕತ್ತದಿಂದ ಮುಂಬಯಿಗೆ ಬಂತು. ಇಲ್ಲಿ ಬೆಟ್ಟದ ಹುಚ್ಚು ಆಗಲೇ ಇತ್ತು. 'ಗಿರಿವಿಹಾರ್' 1954ರಲ್ಲೇ ಹುಟ್ಟಿದ ಕ್ಲಬ್ಬು. ವಾರವಿಡೀ ಕೆಲಸ, ಕೈಗೆ ಸಿಗೋದು ಒಂದು ಭಾನುವಾರ. ಕರ್ಜತ್ ಅಥವಾ ಕಸಾರಾ ಲೋಕಲ್ ಹಿಡಿದರೆ ಸಹ್ಯಾದ್ರಿ. ಅಷ್ಟೂ ಪುರಸೊತ್ತಿಲ್ಲದಿದ್ದರೆ ಮುಂಬ್ರಾ, ಕಾನ್ಹೇರಿಯ ಬಂಡೆಗಳು. ಇವರಿಗೆ ಬೇಕಿದ್ದದ್ದು ಕೂಲಿಗಳಲ್ಲ. ಹಗ್ಗದ ಇನ್ನೊಂದು ತುದಿ ಹಿಡಿಯೋಕೆ ಒಬ್ಬ ನಂಬಿಕಸ್ಥ!

ಆ ನಂಬಿಕೆಯ ಬೆಲೆ ಗೊತ್ತಾಗಬೇಕಾದರೆ ಹರೀಶ್ ಕಪಾಡಿಯಾ ಅವರ ಕಥೆ ಕೇಳಬೇಕು. ಮುಂಬಯಿಯ ಬಟ್ಟೆ ವ್ಯಾಪಾರಿ. 1974ರಲ್ಲಿ ನಂದಾದೇವಿಯ ಒಳಕಣಿವೆಯಲ್ಲಿ, ಸುಮಾರು 6200 ಮೀಟರ್ ಎತ್ತರದಲ್ಲಿ ಹಿಮದ ಬಿರುಕಿಗೆ ಬಿದ್ದರು. ಸೊಂಟದ ಕೀಲು ತಪ್ಪಿತು. ಜತೆಗಾರರು ಹದಿಮೂರು ದಿನ ಅವರನ್ನು ಹೊತ್ತು ಬೇಸ್ ಕ್ಯಾಂಪಿಗೆ ಇಳಿಸಿದರು, ಅಲ್ಲಿಂದ ಹೆಲಿಕಾಪ್ಟರ್. ಆಪರೇಷನ್ ಆಯಿತು, ಎರಡು ವರ್ಷ ಊರುಗೋಲು. ಹದಿಮೂರು ದಿನ! ನಮ್ಮ ಬಿಲ್ಡಿಂಗಿನಲ್ಲಿ ಲಿಫ್ಟು ಕೆಟ್ಟರೆ ಎರಡು ಮಾಳಿಗೆ ಸಾಮಾನು ಹೊರಲು ಜನ ಸಿಗೋಲ್ಲ.

ಅವರು ಬೆಟ್ಟ ಬಿಟ್ಟರೇ? ಇಲ್ಲ. 1977ರಲ್ಲಿ ಸಹ್ಯಾದ್ರಿಯ ದಾರಿಗಳ ಬಗ್ಗೆ ಪುಸ್ತಕ ಬರೆದರು. 1980ರಿಂದ ದಶಕಗಳ ಕಾಲ 'ಹಿಮಾಲಯನ್ ಜರ್ನಲ್' ಸಂಪಾದಿಸಿದರು. 2003ರಲ್ಲಿ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯ ಪದಕ ಬಂತು. 1929ರಿಂದ ಬರುತ್ತಿರುವ ಆ ಜರ್ನಲ್ ಸದಸ್ಯರ ಇನ್ನೊಂದು ಆಸೆಯನ್ನು ತೀರಿಸಿದೆ: ಹೋಗಿ ಬಂದದ್ದು ಎಲ್ಲಾದರೂ ದಾಖಲಾಗಬೇಕು. ಹೋಗಿ ಬಾರದವರ ಹೆಸರೂ. 1988ರಲ್ಲಿ ಗಿರಿವಿಹಾರ್ ತಂಡ ಕಾಂಚನಜುಂಗಾಕ್ಕೆ ಹೋದಾಗ ಒಬ್ಬ ತರುಣ ಹಿಂದಿರುಗಲಿಲ್ಲ.

ನಮ್ಮ ಸಂಘಗಳ ನೆನಪಾಗುತ್ತೆ ನೋಡಿ. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದ್ದು, ಮಾಟುಂಗದ ಮೈಸೂರು ಅಸೋಸಿಯೇಷನ್ 1926ರದ್ದು. ಯಕ್ಷಗಾನ, ನಾಟಕ, ಸನ್ಮಾನ ಎಲ್ಲ ಸರಿಯೇ. ಆದರೆ ಚಾಳಿನ ಖೋಲಿಯಲ್ಲಿ ಒಂಟಿಯಾಗಿದ್ದವನು ಚಂದಾ ಕಟ್ಟಿದ್ದು ನಾಟಕಕ್ಕಷ್ಟೇ ಅಂತ ನನಗನಿಸೋದಿಲ್ಲ. ನಾಳೆ ತನಗೇನಾದರೂ ಆದರೆ ಹೆಗಲು ಕೊಡೋಕೆ ನಾಲ್ಕು ಜನ ಬೇಕಲ್ಲ?

ಈಗ ಚಾರಣಕ್ಕೆ ಕ್ಲಬ್ಬೇ ಬೇಕಿಲ್ಲ. ಮೊಬೈಲಿನಲ್ಲಿ ದುಡ್ಡು ಕಟ್ಟಿದರೆ ಬಸ್ಸು, ಪೋಹೆ, ಚಹ, ಗೈಡು ಎಲ್ಲ ಸೇರಿ ಒಂದೇ ರೇಟು. ಮಳೆಗಾಲದ ಭಾನುವಾರ ಕೋಟೆಗಳ ಮೆಟ್ಟಿಲಲ್ಲಿ ದಾದರ್ ಸ್ಟೇಷನ್ನಿನಷ್ಟು ಜನ. ಯಾರಾದರೂ ದಾರಿ ತಪ್ಪಿದರೆ, ಕಾಲು ಜಾರಿ ಕಣಿವೆಗೆ ಬಿದ್ದರೆ, ಹಗ್ಗ ಹೆಗಲಿಗೇರಿಸಿ ರಾತ್ರಿಯೇ ಹೊರಡುವವರಲ್ಲಿ ಇಂಥ ಕ್ಲಬ್ಬುಗಳ ಹಳೆಯ ಮಂದಿಯೂ ಇರುತ್ತಾರೆ. ಬಿದ್ದವನು ಸದಸ್ಯನೋ ಅಲ್ಲವೋ ಅಂತ ಯಾರೂ ಕೇಳೋದಿಲ್ಲ.